ಎಟಿವಿ ಕಾರ್ಬೊರೇಟರ್ ತಲೆನೋವು: ಜೆಟ್ ಬಿಚ್ಚೋಕ್ ಮುಂಚೆ ಹೆಬ್ಬೆರಳು ಎಲ್ಲಿದೆ ನೋಡಿ

ಮಳೆಗಾಲ ಮುಗ್ದು ತೋಟದ ಕೆಲಸ ಮತ್ತೆ ಜೋರಾಗೋ ಹೊತ್ತಿಗೆ ನಮ್ಮ ಸಕಲೇಶಪುರ ಕಡೆ ಎಟಿವಿ, ಅಂದ್ರೆ ದಪ್ಪ ಟೈರಿನ ನಾಲ್ಕು ಚಕ್ರದ ಬೈಕು, ಇಟ್ಕೊಂಡಿರೋರದ್ದೆಲ್ಲ ಒಂದೇ ಗೋಳು. ಚೋಕ್ ಎಳೆದ್ರೆ ಸ್ಟಾರ್ಟ್ ಆಗತ್ತೆ, ಚೋಕ್ ತೆಗೆದ್ರೆ ಆಫ್. ಇಲ್ಲಾಂದ್ರೆ ಐಡ್ಲಿಂಗ್ ನಿಲ್ಲಲ್ಲ. ಇಲ್ಲಾಂದ್ರೆ ಕಣದಲ್ಲಿ ಚೆನ್ನಾಗೇ ಸುತ್ತಾಡತ್ತೆ, ಹಿಂದೆ ಎರಡು ಮೂಟೆ ಗೊಬ್ಬರ ಹಾಕ್ಕೊಂಡು ಏರು ಹತ್ತೋಕೆ ಹೋದ್ರೆ ಉಸಿರು ಕಟ್ಟಿದ ಹಾಗೆ ಮುಕ್ಕಿ ನಿಂತೋಗತ್ತೆ. ಪೇಟೆಗೆ ಜೀಪಲ್ಲಿ ಹೇರ್ಕೊಂಡು ಹೋಗಿ ತೋರಿಸಿದ್ರೆ ಒಂದು ಸ್ಕ್ರೂನ ಆ ಕಡೆ ಈ ಕಡೆ ತಿರುಗಿಸಿ ರೇಸ್ ಕೊಟ್ಟು ಸರಿ ಆಯ್ತು ಅಂತಾರೆ, ವಾರದಲ್ಲಿ ಮತ್ತೆ ಅದೇ ಕಥೆ, ಆಮೇಲೆ "ಕಾರ್ಬೊರೇಟರ್ರೇ ಹೋಗಿದೆ ಸಾರ್, ಹೊಸದು ಹಾಕ್ಬಿಡಿ" ಅನ್ನೋ ಮಾತು. ಹೊಸದು ಹಾಕಿದ್ರೂ ಎಷ್ಟೋ ಸಲ ಗಾಡಿ ಸರಿ ಹೋಗಲ್ಲ, ಯಾಕಂದ್ರೆ ತೊಂದರೆ ಕಾರ್ಬೊರೇಟರ್ ಒಳಗೆ, ಅಂದ್ರೆ ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗದೊಳಗೆ, ಇರೋದೇ ಇಲ್ಲ.

ನಾನು ಮೆಕ್ಯಾನಿಕ್ ಅಲ್ಲ, ತೋಟದೋನು. ಆದ್ರೆ ನಮ್ಮ ಗಾಡಿ ಮತ್ತೆ ಅಕ್ಕಪಕ್ಕದ ತೋಟದ ಗಾಡಿಗಳ ಕಾರ್ಬೊರೇಟರ್ ಬಿಚ್ಚಿ ಜೋಡಿಸಿ ಒಂದು ಕ್ರಮ ಕೈಗೆ ಹತ್ತಿದೆ, ಅದನ್ನ ಇಲ್ಲಿ ಬರೆದಿಡ್ತಿದೀನಿ. ಇಲ್ಲಿ ಹೇಳ್ತಿರೋದು ಹೋಂಸ್ಟೇ, ತೋಟಗಳಲ್ಲಿ ಜಾಸ್ತಿ ಕಾಣೋ 110, 125 ಸಿಸಿ ಸಣ್ಣ ಗಾಡಿಗಳ ವಿಷ್ಯ. ಫ್ಯುಯೆಲ್ ಇಂಜೆಕ್ಷನ್ ಇರೋ ದೊಡ್ಡ ಗಾಡಿಗಳ ದಾರಿನೇ ಬೇರೆ. ಈ ಸಣ್ಣ ಇಂಜಿನ್ ನೋಡಿದ್ರೆ ನಿಮಗೆ ಎಲ್ಲೋ ನೋಡಿದ ಹಾಗನ್ಸತ್ತೆ, ಸಿಲಿಂಡರ್ ಅಡ್ಡ ಮಲಗಿರೋ ಈ ಡಿಸೈನ್ 1958ರ ಹೋಂಡಾ ಸೂಪರ್ ಕಬ್‌ದು, ನಮ್ಮ ಸ್ಪ್ಲೆಂಡರ್ ಕೂಡ ಅದೇ ವಂಶದ್ದು. ಹಾಗಾಗಿ ಸ್ಪ್ಲೆಂಡರ್ ಬಿಚ್ಚಿ ಗೊತ್ತಿರೋ ಯಾರೇ ಆದ್ರೂ ಇದಕ್ಕೆ ಕೈ ಹಾಕಬಹುದು, ಹೆದರೋ ಅಂಥದ್ದು ಏನಿಲ್ಲ.

ಮೊದಲನೇ ವಿಷ್ಯ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಗಾಡಿ "ಮಿಸ್ಸಿಂಗ್ ಹೊಡಿತಿದೆ" ಅಂದ್ರೆ ಸಾಲಲ್ಲ, ಎಕ್ಸಲರೇಟರ್ ಎಷ್ಟು ಒತ್ತಿದಾಗ ಹೊಡಿತಿದೆ ಅನ್ನೋದು ಗೊತ್ತಾಗಬೇಕು. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹೋಗೋಕೆ ಒಂದೇ ದಾರಿ ಅಲ್ಲ. ಐಡ್ಲಿಂಗ್‌ನಿಂದ ಹಿಡಿದು ಕಾಲು ಭಾಗ ಒತ್ತೋವರೆಗೆ ಕೆಲಸ ಮಾಡೋದು ಸ್ಲೋ ಜೆಟ್ ಮತ್ತೆ ಪಕ್ಕದ ಮಿಕ್ಸ್ಚರ್ ಸ್ಕ್ರೂ (ಜೆಟ್ ಅಂದ್ರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತುಂಡು). ಕಾಲಿಂದ ಮುಕ್ಕಾಲುವರೆಗೆ, ಎಕ್ಸಲರೇಟರ್ ಒತ್ತಿದಾಗ ಮೇಲೇಳೋ ಸ್ಲೈಡಿಗೆ ನೇತಾಡೋ ಸೂಜಿ, ಅಂದ್ರೆ ನೀಡಲ್. ಮುಕ್ಕಾಲಿಂದ ಫುಲ್‌ವರೆಗೆ ಮೇನ್ ಜೆಟ್. ಒಂದರ ಎಲ್ಲೆ ಇನ್ನೊಂದರ ಒಳಗೆ ಸ್ವಲ್ಪ ಹೋಗಿರತ್ತೆ, ಆದ್ರೂ ತೊಂದರೆ ಎಲ್ಲಿದೆ ಅಂತ ಹುಡುಕೋಕೆ ಇಷ್ಟು ಸಾಕು. ಬೈಕಲ್ಲಿ ಹಿಡಿ ತಿರುಗಿಸ್ತೀವಿ, ಎಟಿವಿಲಿ ಹೆಬ್ಬೆರಳಲ್ಲಿ ಲಿವರ್ ಒತ್ತೋದು, ಇದು ಪರೀಕ್ಷೆ ಮಾಡೋಕೆ ಇನ್ನೂ ಅನುಕೂಲ. ಲಿವರ್ ಮೇಲೆ ಒಂದು ಗೆರೆ ಹಾಕಿ, ಹ್ಯಾಂಡಲ್ ಕಡೆ ಇನ್ಸುಲೇಷನ್ ಟೇಪ್ ಅಂಟ್ಸಿ ಅದರ ಮೇಲೆ ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಮಾಡಿ. ಇಂಜಿನ್ ಚೆನ್ನಾಗಿ ಬಿಸಿ ಆದಮೇಲೆ ಒಂದೇ ಏರಲ್ಲಿ ಹೆಬ್ಬೆರಳನ್ನ ಒಂದೊಂದು ಗುರುತಲ್ಲಿ ನಿಲ್ಸಿ ಓಡಿಸಿ ನೋಡಿ. ಐಡ್ಲಿಂಗ್ ಸರಿ ಇದ್ದು ಅರ್ಧದಲ್ಲಿ ಮುಕ್ಕುತಿದ್ರೆ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಏನೂ ಪ್ರಯೋಜನ ಇಲ್ಲ. ಫುಲ್ ಒತ್ತಿದಾಗ ಮಾತ್ರ ತೊಂದರೆ ಅಂದ್ರೆ ಸ್ಲೋ ಜೆಟ್ ಸುದ್ದಿಗೇ ಹೋಗ್ಬೇಡಿ.

ಇನ್ನೊಂದು, ಮಿಕ್ಸ್ಚರ್ ಲೀನ್ ಆಗಿದೆಯಾ ರಿಚ್ ಆಗಿದೆಯಾ ಅನ್ನೋದು. ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಅಂದ್ರೆ ಲೀನ್. ಆಗ ಚೋಕ್ ಸ್ವಲ್ಪ ಎಳೆದಿಟ್ರೆ ಚೆನ್ನಾಗಿ ಓಡತ್ತೆ, ಎಕ್ಸಲರೇಟರ್ ಬಿಟ್ರೂ ಆರ್‌ಪಿಎಂ ತಕ್ಷಣ ಇಳಿಯಲ್ಲ, ಇಳಿಜಾರಲ್ಲಿ ಸೈಲೆನ್ಸರ್ ಪಟಪಟ ಹೊಡೆಯತ್ತೆ, ಇಂಜಿನ್ ವಿಪರೀತ ಬಿಸಿ. ಪೆಟ್ರೋಲ್ ಜಾಸ್ತಿ ಅಂದ್ರೆ ರಿಚ್, ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಬಿಸಿ ಇದ್ದಾಗ ಸ್ಟಾರ್ಟ್ ಆಗೋಕೆ ಕಷ್ಟ, ಚೋಕ್ ಮುಟ್ಟಿದ್ರೆ ಇನ್ನೂ ಹದಗೆಡತ್ತೆ. ಎರಡರಲ್ಲಿ ರಿಚ್ ಇದ್ರೆ ಪ್ಲಗ್ ಕಪ್ಪಾಗತ್ತೆ, ಪೆಟ್ರೋಲ್ ದಂಡ, ಅಷ್ಟೇ. ಲೀನ್ ಇಟ್ಕೊಂಡು ಲೋಡ್ ಹಾಕಿ ಏರು ಹತ್ತಿಸ್ತಾ ಇದ್ರೆ ಪಿಸ್ಟನ್, ವಾಲ್ವ್ ಕೈ ಕೊಡತ್ತೆ. ನಮ್ಮಲ್ಲಿ "ಮೈಲೇಜ್ ಬರೋ ಹಾಗೆ ಟೈಟ್ ಮಾಡಿಕೊಡು" ಅಂತ ಕೇಳೋ ಅಭ್ಯಾಸ ಇದೆ ನೋಡಿ, ಗಾಳಿ ಸಿಗದೆ ನಿಧಾನಕ್ಕೆ ಮೊದಲನೇ ಗೇರಲ್ಲಿ ದುಡಿಯೋ ಈ ಏರ್ ಕೂಲ್ಡ್ ಇಂಜಿನ್ನಿಗೆ ದಯವಿಟ್ಟು ಅದನ್ನ ಮಾಡಿಸ್ಬೇಡಿ.

ಈಗ ಸ್ಪ್ಯಾನರ್ ತಗೊಳ್ಳೋಕ್ ಮುಂಚೆ ನೋಡೋ ವಿಷ್ಯಗಳು. ಪಕ್ಕದ ತೋಟದ ಅಣ್ಣನ ಗಾಡಿ ಹತ್ತು ನಿಮಿಷ ಓಡೋದು, ನಿಲ್ಲೋದು, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟ್. "ಕಾರ್ಬೊರೇಟರ್ ತೊಳೆಸಿ ತೊಳೆಸಿ ಸಾಕಾಯ್ತು ಮಾರಾಯ" ಅಂದ್ರು. ಗಾಡಿ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೀರಿ ಅಣ್ಣಾ ಅಂದೆ. ತೆಗೆದಾಗ ಸುಯ್ ಅಂತ ಗಾಳಿ ಒಳಗೆ ಎಳ್ಕೊಳ್ತು, ಗಾಡಿ ಮರುಕ್ಷಣ ಸ್ಟಾರ್ಟ್. ಮುಚ್ಚಳದಲ್ಲಿ ಗಾಳಿ ಆಡೋ ಸಣ್ಣ ತೂತು ಇರತ್ತೆ, ಅದಕ್ಕೆ ಕುಂಬಾರ ಹುಳ ಮಣ್ಣು ಮೆತ್ತಿತ್ತು. ಪೆಟ್ರೋಲ್ ಇಳೀತಾ ಹೋದ ಹಾಗೆ ಟ್ಯಾಂಕಲ್ಲಿ ವ್ಯಾಕ್ಯೂಮ್ ಆಗಿ ಕೊನೆಗೆ ಪೆಟ್ರೋಲ್ ಇಳಿಯೋದೇ ನಿಲ್ತಿತ್ತು. ಕಾರ್ಬೊರೇಟರಿಗೂ ಇಂಥದೇ ಒಂದು ಗಾಳಿ ಪೈಪ್ ಇದೆ, ಕೆಳಗೆ ಪೆಟ್ರೋಲ್ ನಿಲ್ಲೋ ಬಟ್ಟಲಿನ, ಅಂದ್ರೆ ಫ್ಲೋಟ್ ಬೌಲಿನ ವೆಂಟ್ ಪೈಪು. ಅದರ ತುದಿ ಕೆಳಗೆ ನೇತಾಡ್ತಿದ್ರೆ ಹಳ್ಳ ದಾಟುವಾಗ ನೀರಲ್ಲಿ ಮುಳುಗತ್ತೆ, ಕೆಸರು ತುಂಬತ್ತೆ, ಬೌಲೊಳಗೆ ಗಾಳಿ ಹೋಗದೆ ಗಾಡಿ ನೀರ ಮಧ್ಯೆನೇ ನಿಲ್ಲತ್ತೆ. ಆ ಪೈಪನ್ನ ಉದ್ದ ಮಾಡಿ ಹ್ಯಾಂಡಲ್ ಹತ್ರ ಮೇಲಕ್ಕೆ ತಂದು, ತುದಿ ಕೆಳಮುಖವಾಗಿ ಬಗ್ಗಿಸಿ ಕಟ್ಟಿ. ಮಲೆನಾಡಲ್ಲಿ ಎಟಿವಿ ಓಡಿಸೋರಿಗೆ ಇಷ್ಟು ಕಮ್ಮಿ ಖರ್ಚಲ್ಲಿ ಇಷ್ಟು ಉಪಯೋಗ ಆಗೋ ಕೆಲಸ ಇನ್ನೊಂದಿಲ್ಲ.

ಆಮೇಲೆ ಏರ್ ಲೀಕ್. ಕಾರ್ಬೊರೇಟರ್ ಮತ್ತೆ ಇಂಜಿನ್ ಮಧ್ಯೆ ಮ್ಯಾನಿಫೋಲ್ಡ್, ಅದರ ಎರಡೂ ಕಡೆ ಪ್ಯಾಕಿಂಗ್, ಓ ರಿಂಗ್ ಅನ್ನೋ ರಬ್ಬರ್ ಬಳೆ. ಕುಲುಕಾಟಕ್ಕೆ ನಟ್ ಸಡಿಲ ಆಗಿ ಅಲ್ಲಿಂದ ಕಳ್ಳ ಗಾಳಿ ಒಳಗೆ ಹೋದ್ರೆ ನೀವು ಯಾವ ಜೆಟ್ ಹಾಕಿದ್ರೂ ಐಡ್ಲಿಂಗ್ ಕೂರಲ್ಲ. ಐಡ್ಲಿಂಗಲ್ಲಿ ಬಿಟ್ಟು ಆ ಜಾಯಿಂಟ್ ಸುತ್ತ ಸೋಪಿನ ನೀರನ್ನ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ಹೊಡೀರಿ, ಇಂಜಿನ್ ಸದ್ದು ಬದಲಾದ್ರೆ ಲೀಕ್ ಅಲ್ಲೇ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡೋರೂ ಇದಾರೆ, ಅದು ಚುರುಕಾಗಿ ಗೊತ್ತಾಗತ್ತೆ ನಿಜ, ಆದ್ರೆ ಪಕ್ಕದಲ್ಲೇ ಕಾದಿರೋ ಸೈಲೆನ್ಸರ್, ಬೆಂಕಿ ಹತ್ಕೊಂಡ್ರೆ ಶೆಡ್ಡೇ ಹೋಗತ್ತೆ, ನಾನಂತೂ ನೀರಲ್ಲೇ ಮಾಡೋದು.

ಹೋಂಸ್ಟೇಗಳಲ್ಲಿ ಸೆಕೆಂಡ್‌ಹ್ಯಾಂಡ್ ಗಾಡಿ ತಗೊಂಡೋರು ಇನ್ನೊಂದು ನೋಡ್ಕೊಳ್ಳಿ. ಮಕ್ಕಳು ಜೋರಾಗಿ ಓಡಿಸಬಾರದು ಅಂತ ಹೆಬ್ಬೆರಳ ಲಿವರ್ ಇರೋ ಡಬ್ಬಿಗೆ ಒಂದು ಸ್ಕ್ರೂ ಕೊಟ್ಟಿರ್ತಾರೆ, ಲಿಮಿಟರ್ ಸ್ಕ್ರೂ. ಅದು ಒಳಗೆ ಹೋಗಿದ್ರೆ ಲಿವರ್ ಅರ್ಧಕ್ಕೆ ನಿಲ್ಲತ್ತೆ. "ಪಿಕಪ್ಪೇ ಇಲ್ಲ" ಅಂತ ಮೇನ್ ಜೆಟ್ ದೊಡ್ಡದು ಹಾಕಿಸಿದ ಗಾಡಿಯಲ್ಲಿ ಈ ಸ್ಕ್ರೂ ಪೂರ್ತಿ ಒಳಗಿದ್ದದ್ದು ನೋಡಿದೀನಿ. ಹಾಗೇ ವಾಲ್ವ್ ಟೈಟ್ ಇದ್ರೂ ಬೆಳಗ್ಗೆ ಸ್ಟಾರ್ಟ್ ಆಗಲ್ಲ, ಐಡ್ಲಿಂಗ್ ನಿಲ್ಲಲ್ಲ. ಈ ಇಂಜಿನ್‌ಗಳಲ್ಲಿ ತಣ್ಣಗಿದ್ದಾಗ 0.05 ಮಿಮೀ ಆಸುಪಾಸು ಗ್ಯಾಪ್ ಇರ್ಬೇಕು, ನಿಮ್ಮ ಗಾಡಿ ಪುಸ್ತಕ ಇದ್ರೆ ಅದರಲ್ಲಿರೋದೇ ಅಂತಿಮ. ಫಿಲ್ಟರ್ ಬಗ್ಗೆ ಜಾಸ್ತಿ ಹೇಳಲ್ಲ, ಸ್ಪಂಜ್ ಫಿಲ್ಟರ್ ತೊಳೆದು ಒಣಗಿಸಿ ಸ್ವಲ್ಪ ಎಣ್ಣೆ ಸವರಿ ಹಿಂಡಿ ಹಾಕಿ. ಫಿಲ್ಟರ್ ತೆಗೆದಿಟ್ಟು ಟ್ಯೂನ್ ಮಾಡಿದ್ರೆ ಹಾಕಿದಮೇಲೆ ಎಲ್ಲಾ ಬದಲಾಗತ್ತೆ.

ಇಷ್ಟೆಲ್ಲ ಸರಿ ಇದ್ದು ಚೋಕ್ ತೆಗೆದ್ರೆ ಆಫ್ ಆಗೋ ರೋಗ ಹೋಗಿಲ್ಲ ಅಂದ್ರೆ ಈಗ ಕಾರ್ಬೊರೇಟರ್ ಬಿಚ್ಚೋದು. ಪೆಟ್ರೋಲ್ ಕಾಕ್ ಆಫ್ ಮಾಡಿ, ಬೌಲ್ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಒಳಗಿರೋದನ್ನ ಒಂದು ಗಾಜಿನ ಲೋಟಕ್ಕೆ ಬಿಡಿ. ಪ್ಲಾಸ್ಟಿಕ್ ಬೇಡ, ಗಾಜೇ ಆಗ್ಬೇಕು, ನೋಡೋದಿದೆ. ಲೋಟದ ತಳದಲ್ಲಿ ಬೇರೆಯಾಗಿ ಒಂದು ಪದರ ಕೂತಿದ್ರೆ ಅದು ಪೆಟ್ರೋಲಿಗೆ ಬೆರೆಸಿರೋ ಎಥನಾಲ್, ನೀರು ಎಳ್ಕೊಂಡು ಬೇರೆಯಾಗಿದೆ. ಬೌಲಿನ ಗೋಡೆಗೆ ಬಿಳೀ ಪುಡಿ ಹಿಡಿದಿದ್ರೆ ಲೋಹ ತಿನ್ನೋಕೆ ಶುರು ಆಗಿದೆ ಅಂತ. ಹಳೇ ಪೆಟ್ರೋಲ್ ಒಣಗಿ ಹಸಿರು ಹಳದಿ ಅಂಟಿನ ಥರ ಕೂತಿರೋದೂ ಉಂಟು.

ಸ್ಲೋ ಜೆಟ್ ಮೇನ್ ಜೆಟ್ ಪಕ್ಕದಲ್ಲಿ ಒಂದು ಕೊಳವೆಯೊಳಗೆ ಹುದುಗಿರತ್ತೆ, ಹಿತ್ತಾಳೆದು. ಸ್ಕ್ರೂಡ್ರೈವರ್ ತುದಿ ಅದರ ತಲೆಯ ಗೀರಿಗೆ ಸರಿಯಾಗಿ ಕೂರ್ಬೇಕು, ಇಲ್ಲಾಂದ್ರೆ ಹಿತ್ತಾಳೆ ಸವೆದು ಅದು ಅಲ್ಲೇ ಉಳಿಯತ್ತೆ. ಹೊರಗೆ ತೆಗೆದು ಆಕಾಶದ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ತೂತಿನ ಅಳತೆ 0.35, 0.4 ಮಿಮೀ ಅಷ್ಟೇ. ಬೆಳಕು ದುಂಡಗೆ, ಅಂಚು ಚೂಪಾಗಿ ಕಾಣ್ಬೇಕು. ಮಸುಕಾಗಿ ಅರ್ಧಚಂದ್ರನ ಹಾಗೆ ಕಂಡ್ರೆ ಕಟ್ಟಿಕೊಂಡಿದೆ. ಪೂರ್ತಿ ಕಟ್ಟದೇ ಇದ್ರೆ ಗಾಡಿ ಸ್ಟಾರ್ಟ್ ಆಗತ್ತೆ, ಆದ್ರೆ ಲೀನ್ ಓಡತ್ತೆ, ಚೋಕ್ ಕೇಳತ್ತೆ. ಮಳೆಗಾಲ ನಿಲ್ಸಿಟ್ಟ ಗಾಡಿಗಳ ರೋಗ ಜಾಸ್ತಿ ಇದೇ. ಇದನ್ನ ಸೂಜಿ, ಸ್ಟೀಲ್ ತಂತಿ ಹಾಕಿ ಚುಚ್ಚಬೇಡಿ, ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದ್ರೆ ಜೆಟ್ ನಂಬರಿಗೇ ಅರ್ಥ ಇಲ್ಲ. ಕ್ಲೀನರಲ್ಲಿ ನೆನೆ ಹಾಕಿ, ಕರೆಂಟ್ ವೈರಿನ ಒಳಗಿನ ತಾಮ್ರದ ಒಂದೇ ಒಂದು ಎಳೆ ತಗೊಂಡು ಮೆಲ್ಲಗೆ ಆಡಿಸಿ, ಆಮೇಲೆ ಗಾಳಿ ಹೊಡೀರಿ. ಗಾಳಿ ಜೆಟ್ಟಿಗೆ ಮಾತ್ರ ಅಲ್ಲ, ಕಾರ್ಬೊರೇಟರ್ ಬಾಡಿಯಲ್ಲಿರೋ ಪ್ರತಿ ತೂತಿಗೂ, ಸ್ಲೈಡ್ ಹತ್ರ ಇಂಜಿನ್ ಕಡೆ ಕಾಣೋ ಸಣ್ಣ ತೂತಿಗೂ. ಹೊಡೆಯೋಕ್ ಮುಂಚೆ ರಬ್ಬರ್ ಸಾಮಾನು, ಫ್ಲೋಟ್ ಎಲ್ಲಾ ತೆಗೆದಿಡಿ, ಕಣ್ಣಿಗೆ ಕನ್ನಡಕ ಇರ್ಲಿ.

ಮಿಕ್ಸ್ಚರ್ ಸ್ಕ್ರೂ ವಿಷ್ಯದಲ್ಲಿ ಗೊಂದಲ ಜಾಸ್ತಿ. ಅದು ಸ್ಲೈಡಿಗಿಂತ ಫಿಲ್ಟರ್ ಕಡೆ ಇದ್ರೆ ಏರ್ ಸ್ಕ್ರೂ, ಹೊರಗೆ ತಿರುಗಿಸಿದ್ರೆ ಗಾಳಿ ಹೆಚ್ಚಿ ಲೀನ್ ಆಗತ್ತೆ. ಇಂಜಿನ್ ಕಡೆ ಇದ್ರೆ ಫ್ಯುಯೆಲ್ ಸ್ಕ್ರೂ, ಹೊರಗೆ ತಿರುಗಿಸಿದ್ರೆ ಪೆಟ್ರೋಲ್ ಹೆಚ್ಚಿ ರಿಚ್. ಪೂರ್ತಿ ಉಲ್ಟಾ, ಹಾಗಾಗಿ ನಿಮ್ಮದು ಯಾವುದು ಅಂತ ನೋಡದೆ ಯಾರದ್ದೋ ವಿಡಿಯೋ ನೋಡಿ ತಿರುಗಿಸ್ಬೇಡಿ. ಮೆಲ್ಲಗೆ ಒಳಗೆ ಕೂರಿಸಿ, ಬಿಗಿ ಮಾಡ್ಬೇಡಿ ತುದಿ ಹಾಳಾಗತ್ತೆ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಂದು ಶುರು ಮಾಡಿ. ಇಂಜಿನ್ ಬಿಸಿ ಇದ್ದಾಗ ಕಾಲು ಕಾಲು ಸುತ್ತು ತಿರುಗಿಸಿ ಪ್ರತಿ ಸಲ ಸ್ವಲ್ಪ ಕಾಯಿರಿ, ಐಡ್ಲಿಂಗ್ ಅತೀ ಜೋರಾಗಿ ನುಣ್ಣಗೆ ಕೇಳೋ ಜಾಗ ಹುಡುಕಿ, ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಆರ್‌ಪಿಎಂ ಇಳಿಸಿ. ಒಂದು ಸುತ್ತಿನ ಒಳಗೇ ಅಥವಾ ಮೂರು ಸುತ್ತು ದಾಟಿದಮೇಲೆ ಆ ಜಾಗ ಸಿಕ್ರೆ ಸ್ಲೋ ಜೆಟ್ ಸೈಜೇ ಸರಿ ಇಲ್ಲ ಅಂತ ಲೆಕ್ಕ. ಫ್ಯುಯೆಲ್ ಸ್ಕ್ರೂ ಪೂರ್ತಿ ಬಿಚ್ಚಿದ್ರೆ ಅದರ ಜೊತೆ ಸ್ಪ್ರಿಂಗ್, ವಾಷರ್, ಸಾಸಿವೆಯಷ್ಟು ಓ ರಿಂಗ್ ಬರತ್ತೆ, ಇದೇ ಕ್ರಮದಲ್ಲಿ, ಓ ರಿಂಗ್ ತುದಿ ಕಡೆ. ಅದು ಕಳೆದ್ರೆ ಅಲ್ಲೂ ಏರ್ ಲೀಕ್.

ಅರ್ಧದಲ್ಲಿ ಮುಕ್ಕೋ ಗಾಡಿಗೆ ನೀಡಲ್. ಸ್ಲೈಡ್ ಹೊರಗೆ ಎಳೆದ್ರೆ ನೀಡಲ್ ಮೇಲ್ತುದಿಲಿ ಗೀರುಗಳು, ಒಂದಕ್ಕೆ ಸಣ್ಣ ಕ್ಲಿಪ್. ಕ್ಲಿಪ್ ಒಂದು ಗೀರು ಕೆಳಗೆ ಹಾಕಿದ್ರೆ ನೀಡಲ್ ಮೇಲೇಳತ್ತೆ, ರಿಚ್. ಕೆಲವು ನೀಡಲ್‌ಗೆ ಒಂದೇ ಗೀರು ಇರತ್ತೆ, ಅಂಥದ್ದಕ್ಕೆ ಕ್ಲಿಪ್ ಕೆಳಗೆ ಅರ್ಧ ಮಿಲಿಮೀಟರ್ ವಾಷರ್ ಕೂರಿಸಿದ್ರೆ ಅದೇ ಕೆಲಸ ಆಗತ್ತೆ. ವಾಪಸ್ ಹಾಕುವಾಗ ಸ್ಲೈಡಿನ ಕತ್ತರಿಸಿದ ಭಾಗ ಫಿಲ್ಟರ್ ಕಡೆಗಿರ್ಲಿ. ಸ್ಟಾರ್ಟ್ ಮಾಡೋಕ್ ಮುಂಚೆ ಲಿವರ್ ಒತ್ತಿ ಬಿಡಿ, ಸ್ಲೈಡ್ ಟಕ್ ಅಂತ ಕೆಳಗೆ ಬಿದ್ದ ಸದ್ದು ಬರ್ಲೇಬೇಕು, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿದ್ರೂ ಬರ್ಬೇಕು. ಸ್ಲೈಡ್ ಮೇಲೆ ಸಿಕ್ಕಿಹಾಕ್ಕೊಂಡ್ರೆ ಸ್ಟಾರ್ಟ್ ಆದ ತಕ್ಷಣ ಫುಲ್ ರೇಸು, ಕ್ಲಚ್ ಲಿವರ್ ಇಲ್ಲದ ಆಟೋಮ್ಯಾಟಿಕ್ ಗಾಡಿ ಗೇರಲ್ಲಿದ್ರೆ ಹಾರಿ ಹೋಗತ್ತೆ.

ಮೇನ್ ಜೆಟ್ ಸರಿ ಇದೆಯಾ ಅಂತ ನೋಡೋಕೆ ಪ್ಲಗ್ಗೇ ಸಾಕ್ಷಿ. ಹೊಸ ಪ್ಲಗ್ ಹಾಕಿ, ಉದ್ದದ ಏರಲ್ಲಿ ಫುಲ್ ಒತ್ತಿ ಹತ್ತಿಸಿ, ಅಲ್ಲೇ ಕಿಲ್ ಸ್ವಿಚ್ ಒತ್ತಿ ಬ್ರೇಕ್ ಹಿಡಿದು ನಿಲ್ಸಿ ಪ್ಲಗ್ ಬಿಚ್ಚಿ. ಐಡ್ಲಿಂಗಲ್ಲಿ ಶೆಡ್‌ವರೆಗೆ ಬಂದು ಬಿಚ್ಚಿದ್ರೆ ಕಾಣೋದು ಸ್ಲೋ ಜೆಟ್ಟಿನ ಬಣ್ಣ. ತಿಳಿ ಕಂದು ಇದ್ರೆ ಸರಿ, ಒಣ ಕಪ್ಪು ಮಸಿ ಇದ್ರೆ ರಿಚ್, ಸುಣ್ಣದ ಹಾಗೆ ಬಿಳಿ ಇದ್ರೆ ಲೀನ್, ಅವತ್ತಿಗೆ ಗಾಡಿ ಅಲ್ಲಿಗೇ ನಿಲ್ಸಿ.

ಈಗ ಎಲ್ಲರೂ ಕೇಳೋ ಪ್ರಶ್ನೆ, ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಜೆಟ್ ಬದಲಾಯಿಸ್ಬೇಕಾ? ಲೆಕ್ಕ ಹೇಳ್ತೀನಿ. ಬರೀ ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ತೂಕದ ಲೆಕ್ಕದಲ್ಲಿ. ಎಥನಾಲಿಗೆ 9 ಸಾಕು. ನೂರಕ್ಕೆ ಇಪ್ಪತ್ತು ಎಥನಾಲ್ ಸೇರಿದ ಪೆಟ್ರೋಲಿಗೆ 13.5ರ ಹತ್ರ. ಅಂದ್ರೆ ಹಳೇ ಜೆಟ್ಟಲ್ಲೇ ಇ20 ಹಾಕಿದ್ರೆ ಗಾಡಿ ನೂರಕ್ಕೆ ಏಳೆಂಟರಷ್ಟು ಲೀನ್. 2025ರಿಂದ ಬಂಕಲ್ಲಿ ಸಿಗೋದು ಹೆಚ್ಚುಕಮ್ಮಿ ಅದೇ. ಇಂಜೆಕ್ಷನ್ ಗಾಡಿಲಿ ಸೆನ್ಸರ್ ನೋಡಿಕೊಂಡು ಸರಿ ಮಾಡ್ಕೊಳ್ಳತ್ತೆ, ನಮ್ಮ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ.

ಆದ್ರೆ ನಾವು ಇರೋದು ಘಟ್ಟದ ಮೇಲೆ. ಸಕಲೇಶಪುರ ಸಮುದ್ರಮಟ್ಟದಿಂದ 950 ಮೀಟರ್ ಆಸುಪಾಸು, ಇಲ್ಲಿ ಗಾಳಿ ಸಾಂದ್ರತೆ ಮಲ್ಪೆ ಬೀಚಿಗಿಂತ ನೂರಕ್ಕೆ ಒಂಬತ್ತು ಕಮ್ಮಿ. ಕಾರ್ಬೊರೇಟರಲ್ಲಿ ಇದು ಪೂರ್ತಿ ಒಂಬತ್ತು ಆಗಿ ಕಾಣಲ್ಲ, ವರ್ಗಮೂಲದ ಲೆಕ್ಕದಲ್ಲಿ ಬರೋದ್ರಿಂದ ಮಿಕ್ಸ್ಚರ್ ನಾಲ್ಕೂವರೆಯಷ್ಟು ರಿಚ್ ಆಗತ್ತೆ. ಎಥನಾಲ್ ಲೀನ್ ಮಾಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿನ ಎತ್ತರನೇ ವಾಪಸ್ ಕೊಡ್ತು. ಹಾಗಾಗಿ ಒಂದೇ ಮಾಡೆಲ್ ಗಾಡಿ, ಒಂದೇ ಜೆಟ್, ಮಲ್ಪೆಲಿ ಇಂಜಿನ್ ಕುದೀತಿರತ್ತೆ, ಇಲ್ಲಿ ಆರಾಮಾಗಿ ಓಡತ್ತೆ, ಮುಳ್ಳಯ್ಯನಗಿರಿ ಹತ್ರ ತಗೊಂಡ್ ಹೋದ್ರೆ ಮಂಕಾಗತ್ತೆ, ಮೂರೂ ನಿಜ. ನಮ್ಮ ಎತ್ತರಕ್ಕೆ ಮೇನ್ ಜೆಟ್ ಒಂದು ಸೈಜ್ ಏರಿಸಿದ್ರೆ ಸಾಕು. ಕೈಹಿನ್ ಕಂಪನಿ ಜೆಟ್ಟಲ್ಲಿ ನಂಬರ್ ಅಂದ್ರೆ ತೂತಿನ ವ್ಯಾಸ, ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ, 80 ಅಂದ್ರೆ 0.80 ಮಿಮೀ. 80ರಿಂದ 82ಕ್ಕೆ ಹೋದ್ರೆ ವ್ಯಾಸ ಎರಡೂವರೆ ಪರ್ಸೆಂಟ್ ಹೆಚ್ಚಿದ್ರೂ ತೂತಿನ ವಿಸ್ತೀರ್ಣ ಐದು ಪರ್ಸೆಂಟ್ ಹೆಚ್ಚತ್ತೆ. ಅದಕ್ಕೇ ಒಮ್ಮೆಲೇ 90 ಹಾಕೋದೆಲ್ಲ ದಂಡ. ಮಿಕುನಿ ಕಂಪನಿ ಜೆಟ್ಟಿನ ನಂಬರ್ ಲೆಕ್ಕ ಬೇರೆ, ಎರಡನ್ನ ಹೋಲಿಸ್ಬೇಡಿ. ಅಂಗಡಿಗೆ ಹೋಗುವಾಗ ಹಳೇ ಜೆಟ್ ಜೇಬಲ್ಲಿರ್ಲಿ, ತ್ರೆಡ್ ಹೋಲಿಸಿ ತಗೊಳ್ಳಿ. ಡಿಸೆಂಬರಿನ ಚಳಿ ಬೆಳಗ್ಗೆ ಗಾಳಿ ದಪ್ಪ ಇರತ್ತೆ, ಏಪ್ರಿಲ್ ಮಧ್ಯಾಹ್ನಕ್ಕೆ ತೆಳು, ಟ್ಯೂನಿಂಗ್ ಮಾಡೋದಾದ್ರೆ ಇವೆರಡರ ಮಧ್ಯದ ಹೊತ್ತಲ್ಲಿ ಮಾಡಿ.

ಓವರ್‌ಫ್ಲೋ ಆಗ್ತಿರೋ ಗಾಡಿನ ಮಾತ್ರ ಹಾಗೇ ಓಡಿಸ್ಬೇಡಿ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯೋ ಫ್ಲೋಟ್ ಸೂಜಿ ಕೆಳಗೆ ಒಂದು ಕಣ ಮಣ್ಣು ಸಿಕ್ಕಿದ್ರೂ ಪೆಟ್ರೋಲ್ ನಿಲ್ಲಲ್ಲ, ಹೊರಗೆ ಸುರಿದ್ರೆ ಕಣ್ಣಿಗೆ ಕಾಣತ್ತೆ, ರಾತ್ರಿಯಿಡೀ ಇಂಜಿನ್ ಒಳಗೆ ಇಳಿದ್ರೆ ಕಾಣಲ್ಲ. ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದ್ರೆ, ಲೆವೆಲ್ ಏರಿದ್ರೆ, ಆಯಿಲ್ ಬದಲಾಯಿಸದೇ ಸ್ಟಾರ್ಟ್ ಮಾಡಲೇಬಾರದು. ಫ್ಲೋಟ್ ಲೆವೆಲ್ ನೋಡೋಕೆ ಡ್ರೇನ್ ತೂತಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಮೇಲಕ್ಕೆ ಹಿಡೀರಿ, ಒಳಗೆ ಎಷ್ಟು ಎತ್ತರಕ್ಕೆ ಪೆಟ್ರೋಲ್ ನಿಂತಿದೆ ಅಂತ ಬಿಚ್ಚದೇ ಕಾಣತ್ತೆ.

ಜೂನ್ ಬರೋಕ್ ಮುಂಚೆ ಗಾಡಿ ಶೆಡ್ಡಿಗೆ ಹಾಕೋರು ಕಾಕ್ ಆಫ್ ಮಾಡಿ, ಇಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ, ಆಮೇಲೂ ಡ್ರೇನ್ ಸ್ಕ್ರೂ ತೆಗೆದು ಉಳಿದಿದ್ದು ಬಸಿದುಬಿಡಿ, ಜೆಟ್ ಮಟ್ಟದಿಂದ ಕೆಳಗೆ ಯಾವಾಗ್ಲೂ ಸ್ವಲ್ಪ ಉಳಿದಿರತ್ತೆ. ಟ್ಯಾಂಕಲ್ಲಿರೋ ಇ20ನ ಸ್ಕೂಟರಿಗೋ ಕಳೆ ಹೊಡೆಯೋ ಮೆಷಿನ್ನಿಗೋ ಹಾಕಿ ಖಾಲಿ ಮಾಡ್ಕೊಳ್ಳಿ, ನಮ್ಮ ಮಳೆಲಿ ಮೂರು ತಿಂಗಳು ಇಟ್ರೆ ಅದು ನೀರು ಕುಡಿಯತ್ತೆ. ವೆಂಟ್ ಪೈಪಿನ ತುದಿಗೆ ತೆಳು ಸೊಳ್ಳೆಪರದೆ ತುಂಡು ಸುತ್ತಿ ದಾರ ಕಟ್ಟಿ, ಗಾಳಿ ಆಡತ್ತೆ, ಕುಂಬಾರ ಹುಳ ಒಳಗೆ ಹೋಗಲ್ಲ. ಸೆಪ್ಟೆಂಬರಲ್ಲಿ ತೆಗೆದಾಗ ಹೊಸ ಪೆಟ್ರೋಲ್ ಹಾಕಿ, ಮೊದಲು ಡ್ರೇನ್‌ನಿಂದ ಒಂದು ಗುಟುಕು ಗಾಜಿನ ಲೋಟಕ್ಕೆ ಬಿಟ್ಟು ನೋಡಿ, ಆಮೇಲೆ ಸ್ಟಾರ್ಟ್ ಮಾಡಿ.